ಎಂಬತ್ತು ಸೆಕೆಂಡಿಗೊಂದು ಪುಟ

ವಾಲ್ಪರೈಸೊದ ಗುಡ್ಡದ ನೆತ್ತಿಯಲ್ಲಿ
ತಗಡು ಹೊದ್ದ ಯಂತ್ರದ ಮನೆ; ಒಳಗೆ ನಾನು, ಎದುವಿನಾ,
ಒಂದು ಕೈ ಹಿಡಿಕೆಯ ಮೇಲೆ, ಒಂದು ಕೈ ಪುಟದ ಮೇಲೆ.
ಕೆಳಗಿನಿಂದ ಗಂಟೆ ಬಡಿದರೆ
ಹಳಿಯ ಮೇಲೆ ಒಂದು ಡಬ್ಬಿ ಏರುತ್ತದೆ, ಒಂದು ಇಳಿಯುತ್ತದೆ.
ಎಂಬತ್ತು ಸೆಕೆಂಡು. ಅಷ್ಟರಲ್ಲಿ ಒಂದು ಪುಟ.
ಪಾತ್ರಗಳು ಜಗಳಕ್ಕೆ ಬಿದ್ದಿದ್ದರೆ ಎರಡು.
ಮುನಿಸಿಪಾಲಿಟಿಯವರಿಗೆ ಹೇಳಬೇಡಿ.

ಪುಸ್ತಕ ಎಷ್ಟು ದಪ್ಪ ಎಂದು ನನ್ನನ್ನು ಕೇಳಿ ಫಲವಿಲ್ಲ,
ಎಷ್ಟು ಏರಿಳಿತ ಎಂದು ಕೇಳಿ.

ಈ ಚಳಿಗಾಲದ ಮೊದಲನೆಯದು: ನಾನೂರ ಹನ್ನೆರಡು.
ಅಕ್ಕ, ತಂಗಿ, ಇಬ್ಬರಿಗೂ ಸೇರಿ ಒಂದೇ ಕೋಟು.
ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಒಲೆಯ ಪಕ್ಕ.
ಮುನ್ನೂರು ದಾಟುವತನಕ ಅವರು ಒಟ್ಟಿಗೆ ಬೀದಿಗಿಳಿಯುವುದಿಲ್ಲ;
ಇಳಿದ ದಿನ ಬೇಸಿಗೆ.
ಬೇಸಿಗೆ ಎಂಬ ಮಾತನ್ನೂ ಬರೆದಿಲ್ಲ ಆ ಪುಣ್ಯಾತ್ಗಿತ್ತಿ,
ನಾಲ್ಕು ಬರಿದೋಳು ತೋರಿಸಿ ಸುಮ್ಮನಾಗಿದ್ದಾಳೆ.
ಅಲ್ಲಿ ನಾನು ಕಣ್ಣೊರೆಸಿಕೊಂಡೆ,
ಡಬ್ಬಿ ಗೇಣುದ್ದ ಹೆಚ್ಚೇ ಮೇಲೆ ಬಂದು ಕುಟ್ಟಿತು,
ಮೀನಿನ ಬುಟ್ಟಿಯ ಹೆಂಗಸು ನನ್ನ ವಂಶವನ್ನೆಲ್ಲ ಬೈದಳು.
ಬೈಸಿಕೊಳ್ಳಬಹುದು ಬಿಡಿ, ಅಂಥ ಪುಸ್ತಕಕ್ಕೆ.

ಎರಡನೆಯದು ಕತೆಯಲ್ಲ, ಮಂಜಿನ ಲೆಕ್ಕ.
ಉತ್ತರದ ಮರುಭೂಮಿಯಲ್ಲಿ ಒಬ್ಬ ಮೇಷ್ಟರು
ಹನ್ನೊಂದು ವರ್ಷ ಬಲೆ ಕಟ್ಟಿ
ಕಡಲಿಂದ ಬಂದ ಮಂಜನ್ನು ಹಿಡಿದು ಡ್ರಮ್ಮಿಗಿಳಿಸಿದ.
ಆರನೇ ಅಧ್ಯಾಯ ಬರೀ ಅಂಕಿ. ಬಿಡದೆ ಓದಿದೆ.
ಏಳು ಲೀಟರು. ಮೂರು. ಒಂಬತ್ತೂವರೆ.
ಒಂದು ಮಂಗಳವಾರದ ಎದುರು:
‘ಸೊನ್ನೆ. ಹೆಂಡತಿಗೆ ಹುಷಾರಿಲ್ಲ.’
ಬುಧವಾರದಿಂದ ಮತ್ತೆ ಲೀಟರು.
ಅವಳ ಸುದ್ದಿ ಮುಂದೆಲ್ಲೂ ಇಲ್ಲ, ಅರಿಕೆಯಲ್ಲೂ ಇಲ್ಲ.
ಹುಡುಕುತ್ತಾ ಹಿಂದೆ ಮುಂದೆ ನಲವತ್ತು ಏರಿಳಿತ ಹಾಳುಮಾಡಿಕೊಂಡೆ.

ಮೂರನೆಯದಕ್ಕೆ ಬಹುಮಾನ ಬಂದಿದೆಯಂತೆ;
ಕಾಲೇಜಿನ ಹುಡುಗ ಬಾಲ್ತಸಾರ್ ತಂದುಕೊಟ್ಟ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಬೆಳಗಾಗುವುದರೊಳಗೆ ಸಮುದ್ರಕ್ಕೆ ಹನ್ನೆರಡು ವಿಶೇಷಣ!
ನನ್ನ ಕಿಟಕಿಯಾಚೆ ದಿನವೂ ಬಿದ್ದಿರುತ್ತದೆ ಅದು,
ಒಂದೂ ಇಲ್ಲದೆ.
ಹುಡುಗನ ಮುಖ ನೋಡಿ ‘ಚೆನ್ನಾಗಿದೆ’ ಅಂದುಬಿಟ್ಟೆ.
ನಿಜ ಹೇಳಬೇಕೆಂದರೆ ಮುಗಿಸಿಯೂ ಇಲ್ಲ:
ನಡುವೆ ಹಗ್ಗ ಬದಲಿಸಲು ಮೂರು ವಾರ ಯಂತ್ರ ನಿಂತಿತ್ತು.
ಮನೆಯ ಕುರ್ಚಿಯಲ್ಲಿ ನನಗೆ ಓದು ಹತ್ತುವುದಿಲ್ಲ.
ಕಾಲಡಿಯ ಹಲಗೆ ನಡುಗದಿದ್ದರೆ
ಅಕ್ಷರಗಳೂ ಕೂತಲ್ಲೇ ಕೂತಿರುತ್ತವೆ.

ಇನ್ನು ದೋನ್ ರುಪೆರ್ತೊ. ಬಂದರಿನಲ್ಲಿ ಕ್ರೇನು ಓಡಿಸಿದವನು.
ಭಾನುವಾರದ ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಪುಸ್ತಕ ಕೊಂಡು
ಅಂಚಿನಲ್ಲಿ ಪೆನ್ಸಿಲಿನಿಂದ ಗುದ್ದಾಡಿ ನನಗೆ ದಾಟಿಸುತ್ತಾನೆ.
‘ಸುಳ್ಳು.’ ‘ಇವನಿಗೆ ಹಸಿವೇ ಗೊತ್ತಿಲ್ಲ.’
‘ಕ್ರೇನು ಹೀಗೆ ತಿರುಗುವುದಿಲ್ಲ ಮಾರಾಯ.’
ಕೋಟಿನ ಕಾದಂಬರಿಯ ಕೊನೆಯಲ್ಲಿ ಕೋಟು ಇರುವುದಿಲ್ಲ.
ತಂಗಿ ದಾನ ಕೊಟ್ಟಳು ಎನ್ನುತ್ತಾನೆ ಅವನು.
ಮಾರಿದಳು ಎನ್ನುತ್ತೇನೆ ನಾನು.
ದಾನ ಕೊಡುವ ಕೈಯಾಗಿದ್ದರೆ
ಇನ್ನೂರೈದನೇ ಪುಟದಲ್ಲಿ ಗುಂಡಿ ಎಣಿಸುತ್ತಿದ್ದಳೇ?
‘ನಿನ್ನ ಮನಸ್ಸೇ ಟಿಕೆಟ್ ಕೌಂಟರು’ ಅಂದ.
‘ನಿನ್ನದು ತುಕ್ಕು ಹಿಡಿದ ಕೊಕ್ಕೆ’ ಅಂದೆ.
ನಾಲ್ಕು ದಿನ ಆ ನೋಯುವ ಮಂಡಿ ಹೊತ್ತು
ನೂರ ಅರವತ್ತು ಮೆಟ್ಟಿಲು ಹತ್ತಿಯೇ ಮನೆಗೆ ಹೋದ.
ಕಿಟಕಿಯಿಂದ ಕಂಡೆ. ಕೂಗಲಿಲ್ಲ.

ಈಗ ಕೈಯಲ್ಲಿರುವುದು ಗಡಿಯಾರ ರಿಪೇರಿಯವಳ ಆತ್ಮಕತೆ,
ಅರವತ್ತೊಂದನೇ ಪುಟ,
ಒಳ್ಳೆಯದೋ ಕೆಟ್ಟದೋ ಇನ್ನೂ ಹೇಳಲಾರೆ;
ತನ್ನ ತಪ್ಪುಗಳನ್ನು ಸ್ವಲ್ಪ ಬೇಗ ಕ್ಷಮಿಸಿಕೊಳ್ಳುತ್ತಾಳೆ ಅನ್ನಿಸಿದೆ.

ಸಂಜೆ ಡಬ್ಬಿಯಿಂದ ಇಳಿದವರಲ್ಲಿ ಒಂದು ಪರಿಚಿತ ಕೆಮ್ಮು.
ನಾಣ್ಯ ಇಟ್ಟ. ಗೇಟು ದಾಟಿದ. ತಿರುಗಿ ಬಂದ.
‘ಸರಿ, ಮಾರಿದಳು ಅಂತಲೇ ಇಟ್ಟುಕೊಳ್ಳೋಣ.
ಎಷ್ಟಕ್ಕೆ?’

ಕೆಳಗಿನಿಂದ ಗಂಟೆ ಬಡಿಯಿತು.
‘ತಡಿ’ ಅಂದೆ, ಹಿಡಿಕೆ ಎಳೆದೆ.
ಯೋಚಿಸಲು ಎಂಬತ್ತು ಸೆಕೆಂಡು ಇದೆ.